‘ಎವ್ರಿಒನ್’ ಅಂದ್ರ ಯಾರ್ಯಾರು?

ಕಂಪ್ಯೂಟರಿನ ಒಂದು ಫೋಲ್ಡರನ್ನು ಹತ್ತು ಮಂದಿ ಬಳಸಬೇಕೆಂದರೆ ಅದನ್ನು ‘ಶೇರ್’ ಮಾಡುತ್ತಾರೆ. ಶೇರ್ ಮಾಡುವಾಗ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ಯಾರಿಗೆ? ಅಲ್ಲಿ ಹೆಸರುಗಳನ್ನು ಒಂದೊಂದಾಗಿ ಬರೆಯಬಹುದು. ಲೆಕ್ಕದ ವಿಭಾಗದ ಇಬ್ಬರು, ಒಬ್ಬ ಸೂಪರಿಂಟೆಂಡೆಂಟ್, ಒಬ್ಬ ಗುಮಾಸ್ತ, ಹೀಗೆ. ಹಾಗೆ ಬರೆಯಲು ಬೇಸರವಾದವರಿಗೆ ಒಂದು ಪದ ಸಿದ್ಧವಾಗಿ ಕೂತಿರುತ್ತದೆ: ‘ಎವ್ರಿಒನ್’. ಎಲ್ಲರೂ. ಅದನ್ನು ಒತ್ತಿದರೆ ಕೆಲಸ ಮುಗೀತು.

ನಮ್ಮ ಊರುಗಳಲ್ಲಿ ಈ ‘ಎಲ್ಲರೂ’ ಅನ್ನೋ ಮಾತಿಗೆ ಬೇರೆಯೇ ಲೆಕ್ಕವಿದೆ. ಎಲ್ಲರೂ ಜಾತ್ರಿಗೆ ಬರಬೇಕು ಅಂತ ಡಂಗುರ ಸಾರಿದರೆ ಆ ‘ಎಲ್ಲರೂ’ ಅಗಸಿಯ ತನಕ ಬಂದು ನಮ್ಮ ಕೇರಿ ಕಂಡ ಕೂಡಲೇ ಹೊಳ್ಳಿ ಹೋಗುತ್ತದೆ. ಊರೆಲ್ಲಾ ಉಂಡಿತು ಅಂದರೆ ನಮ್ಮ ಪಂಕ್ತಿ ಬೇರೆ, ಹೊತ್ತು ಬೇರೆ. ಹೀಗಾಗಿ ಕಂಪ್ಯೂಟರಿನಲ್ಲಿ ಈ ಪದ ಮೊದಲ ಸಲ ಕಂಡಾಗ ನಮಗೆ ನಗು ಬಂತು. ಎಲ್ಲರೂ ಅಂದರೆ ಇದಕ್ಕೆ ನಿಜವಾಗಿಯೂ ಎಲ್ಲರೂ. ಜಾತಿ ಕೇಳುವುದಿಲ್ಲ, ಎಷ್ಟೋ ಕಡೆ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಹೀಗೆ ತೆರೆದ ಫೋಲ್ಡರಿನ ಒಳಗೆ ಏನಿರುತ್ತದೆ ಎಂದು ನೋಡಿದ ಮೇಲೆ ಆ ನಗು ಉಳಿಯಲಿಲ್ಲ.

ನಾವು ಮೂವರು. ಒಬ್ಬ ಆಳಂದದ ಕಡೆಯವ, ಒಬ್ಬ ಅಫಜಲಪುರದ ಭೀಮಾ ದಂಡೆಯವ, ಇನ್ನೊಬ್ಬ ಜೇವರ್ಗಿಯವ. ಕಲಬುರಗಿಯ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಓದಿದವರು ಈಗ ಬೆಂಗಳೂರಿನ ಒಂದೇ ಕೋಣೆಯ ಬಾಡಿಗೆ ಹಂಚಿಕೊಂಡಿದ್ದೇವೆ. ನಮ್ಮ ಮನೆಗಳಿಗೆ ಡಿಗ್ರಿ ಸರ್ಟಿಫಿಕೇಟು ಬಂದದ್ದು ನಮ್ಮಿಂದಲೇ ಮೊದಲು. ಒಬ್ಬನ ಅಪ್ಪ ಇನ್ನೂ ಕಬ್ಬು ಕಡಿಯುತ್ತಾನೆ. ಒಬ್ಬನ ಅವ್ವ ಮಂದಿಯ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಒಬ್ಬನ ಮನೆಯವರು ವರ್ಷದ ಆರು ತಿಂಗಳು ಪುಣೆಯಲ್ಲಿ ಇಟ್ಟಂಗಿ ಹೊರುತ್ತಾರೆ. ನಮ್ಮಲ್ಲೊಬ್ಬನಿಗೆ ಪದ್ಯ ಬರೆಯುವ ಚಟ. ಇದನ್ನು ಬರೆಯುತ್ತಿರುವವನೂ ಅವನೇ. ಮಾತು ಮಾತ್ರ ಮೂವರದು.

ನಮ್ಮ ಕೆಲಸ ಭದ್ರತಾ ಪರೀಕ್ಷೆ. ಕಳ್ಳ ಬರುವುದಕ್ಕಿಂತ ಮುಂಚೆ ಕಳ್ಳನ ಹಂಗೇ ಹೋಗಿ ಬಾಗಿಲು ದೂಡಿ ನೋಡಿ, ಯಾವುದು ಸಡಿಲ, ಯಾವುದಕ್ಕೆ ಕೀಲಿಯೇ ಇಲ್ಲ ಎಂದು ಬರೆದುಕೊಡುವುದು. ಅವ್ವನಿಗೆ ಇದನ್ನು ತಿಳಿಸಿ ಹೇಳಲು ಒಂದು ರಾತ್ರಿ ಹಿಡಿಯಿತು. “ಮಂದಿ ಮನಿ ಬಾಗಲಾ ನೂಕಿ ನೋಡೂದಕ್ಕ ಪಗಾರ ಕೊಡ್ತಾರೇನೋ ಯಪ್ಪಾ? ಯಾರರೆ ಹಿಡದ್ರ?” ಅಂದಳು. ಹಿಡಿಯುವುದಿಲ್ಲ, ಯಾಕೆಂದರೆ ಕೈಯಲ್ಲಿ ಕಾಗದ ಇರುತ್ತದೆ. ಯಾವ ಯಂತ್ರಗಳು, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಹೊತ್ತಿಗೆ ಎಂದೆಲ್ಲ ಬರೆದು ಮಾಲೀಕರು ಸಹಿ ಹಾಕಿರುತ್ತಾರೆ. ಆ ಕಾಗದ ಇಲ್ಲದೆ ಮಾಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಬೀಳುತ್ತವೆ: ಮೂರು ವರ್ಷದವರೆಗೆ ಸಜೆ, ಇಲ್ಲವೆ ಐದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ನಮ್ಮ ಮುತ್ಯಾನ ಕಾಲಕ್ಕೆ ವಾಡೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲಬೇಕಿತ್ತು. ನಮಗೆ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡುತ್ತಾರೆ: ಬನ್ನಿ, ನುಗ್ಗಿ ನೋಡಿ. ಇದೊಂದು ಸುಖ ಈ ನೌಕರಿಯಲ್ಲಿ ಉಂಟು, ಸುಳ್ಳು ಯಾಕೆ ಹೇಳಬೇಕು.

ಓದುವವರಲ್ಲಿ ಈ ಕಸುಬು ಗೊತ್ತಿಲ್ಲದವರೇ ಹೆಚ್ಚು ಇರುತ್ತೀರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ವಿಂಡೋಸ್ ಯಂತ್ರಗಳು ಫೋಲ್ಡರ್ ಹಂಚಿಕೊಳ್ಳುವುದು 445ನೇ ಪೋರ್ಟಿನ ಮೂಲಕ. ಪೋರ್ಟ್ ಅಂದರೆ ಯಂತ್ರದ ಒಂದೊಂದು ಕಿಟಕಿ ಅಂತ ತಿಳೀರಿ. ಒಂದು ಕಚೇರಿಯ ಜಾಲದಲ್ಲಿ ಎಷ್ಟು ಯಂತ್ರಗಳು ಈ ಕಿಟಕಿ ತೆರೆದು ಕೂತಿವೆ ಎಂದು ಮೊದಲು ಎಣಿಸುತ್ತೇವೆ. ಆಮೇಲೆ ಪ್ರತಿಯೊಂದನ್ನೂ ಹೆಸರು ಹೇಳದೆ, ಪಾಸ್‌ವರ್ಡ್ ಕೊಡದೆ ಕೇಳುತ್ತೇವೆ: ನಿನ್ನ ಹತ್ತಿರ ಏನೇನು ಶೇರ್ ಇವೆ? ಸರಿಯಾಗಿ ಕಟ್ಟಿದ ಯಂತ್ರ, ನೀನ್ಯಾರು ಮೊದಲು ಹೇಳು ಅನ್ನುತ್ತದೆ. ಸಡಿಲ ಯಂತ್ರ ಕೇಳಿದ್ದೇ ತಡ ಪಟ್ಟಿ ಒದರುತ್ತದೆ. ಈ ಕಿಟಕಿ ಅಸಡ್ಡೆ ಮಾಡುವಂಥದ್ದಲ್ಲ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಹುಳ ಜಗತ್ತಿನ ತುಂಬ ಓಡಾಡಿದ್ದು ಇದೇ 445ರ ಮೂಲಕ. ಇಂಗ್ಲೆಂಡಿನ ಆಸ್ಪತ್ರೆಗಳು ನಿಂತವು. ಇಲ್ಲೇ ಪಕ್ಕದ ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಕೆಟ್ಟವು. ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಕೊಟ್ಟು ಎರಡು ತಿಂಗಳಾಗಿತ್ತು. ಹಚ್ಚಿಕೊಂಡಿರಲಿಲ್ಲ, ಅಷ್ಟೆ.

ಆದರೆ ನಮಗೆ ದಿನಾ ಸಿಗುವುದು ಹುಳವಲ್ಲ, ಅಸಡ್ಡೆ. ಒಂದು ಶೇರಿಗೆ ಎರಡು ಕೀಲಿ ಇರುತ್ತವೆ. ಒಂದು ಶೇರಿನ ಮೇಲೆ, ಇನ್ನೊಂದು ಒಳಗಿನ ಕಡತಗಳ ಮೇಲೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೀಗಾಗಿ, ಒಳಗಿನ ಕೀಲಿ ಇದೆಯಲ್ಲಾ ಎಂದು ಹೊರಗಿನದನ್ನು ‘ಎವ್ರಿಒನ್’ ಮಾಡುತ್ತಾರೆ; ಮತ್ತೊಂದು ದಿನ ಮತ್ತೊಬ್ಬ ಬಂದು, ಹೊರಗಿನದು ಇದೆಯಲ್ಲಾ ಎಂದು ಒಳಗಿನದನ್ನೂ ತೆಗೆಯುತ್ತಾನೆ. ವಿಂಡೋಸ್ 2000ದ ಕಾಲಕ್ಕೆ ಹೊಸ ಶೇರ್ ಹುಟ್ಟುತ್ತಲೇ ಎಲ್ಲರಿಗೂ ಪೂರ್ತಿ ಅಧಿಕಾರ ಎಂದು ಹುಟ್ಟುತ್ತಿತ್ತು. ಆಮೇಲಿನ ಸರ್ವರುಗಳಲ್ಲಿ ಅದನ್ನು ಓದುವುದಕ್ಕೆ ಮಾತ್ರ ಎಂದು ಇಳಿಸಿದರು. ಹಳೆಯ ರೂಢಿ ಮಾತ್ರ ಕೈಬೆರಳುಗಳಲ್ಲಿ ಉಳಿದುಬಿಟ್ಟಿದೆ. ಇನ್ನು ಕೆಲವರು ಶೇರಿನ ಹೆಸರಿನ ತುದಿಗೆ ಡಾಲರ್ ಚಿಹ್ನೆ ಹಾಕಿ, ಮರೆಯಾಯಿತು ಎಂದು ನೆಮ್ಮದಿಯಿಂದ ಮಲಗುತ್ತಾರೆ. ಪಟ್ಟಿಯಲ್ಲಿ ಕಾಣುವುದಿಲ್ಲ, ನಿಜ. ಕಾಣೂದಿಲ್ಲ ಅಂದ್ರ ಕೀಲಿ ಬಿದ್ದದ ಅಂತಲ್ಲ.

ಲಿನಕ್ಸ್, ಯುನಿಕ್ಸ್ ಯಂತ್ರಗಳಲ್ಲಿ ಇದರ ದಾಯಾದಿ ‘ಎನ್‌ಎಫ್‌ಎಸ್’. ಸನ್ ಎಂಬ ಅಮೆರಿಕದ ಕಂಪನಿ 1984ರಲ್ಲಿ ಮಾಡಿದ್ದು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿ ಆಗ ಐದು ವರ್ಷ. ಎನ್‌ಎಫ್‌ಎಸ್‌ನ ಹಳೆಯ ರೀತಿಯಲ್ಲಿ ಒಂದು ವಿಚಿತ್ರವಿದೆ, ಇಂದಿಗೂ ಎಷ್ಟೋ ಕಡೆ ಹಾಗೇ ನಡೆಯುತ್ತದೆ: ಬಂದವನು ತನ್ನ ನಂಬರು ಇಂಥದ್ದು ಎಂದರೆ ಸರ್ವರ್ ಅದನ್ನು ನಂಬುತ್ತದೆ. ‘ನಾನು 1000ನೇ ನಂಬರಿನವ’ ಅಂದರೆ ಆಯಿತು, 1000ನೇ ನಂಬರಿನವನ ಕಡತಗಳೆಲ್ಲ ನಿಮ್ಮವು. ಗುರುತು ಕೇಳುವುದಿಲ್ಲ. ಯಾವ ಯಂತ್ರದಿಂದ ಬರಬಹುದು ಎಂಬ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿಬಿಟ್ಟರೆ ಯಾರು ಬೇಕಾದರೂ ಬಂದು ಯಾರು ಬೇಕಾದರೂ ಆಗಬಹುದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಒಂದು ವಿದ್ಯಾಸಂಸ್ಥೆಯ ಜಾಲ ಪರೀಕ್ಷೆಗೆ ಹೋಗಿದ್ದೆವು. ಹೆಸರು ಬೇಡ, ನಮ್ಮ ಜಿಲ್ಲೆಯದೂ ಅಲ್ಲ. ಮೊದಲ ದಿನ ಮಧ್ಯಾಹ್ನದ ಊಟಕ್ಕಿಂತ ಮುಂಚೆಯೇ ಒಂದು ಸರ್ವರ್ ಹೆಸರು ಕೇಳದೆ ತನ್ನ ಪಟ್ಟಿ ಕೊಟ್ಟಿತು. ನಾಲ್ಕು ಶೇರುಗಳು: ‘ಅಕೌಂಟ್ಸ್’, ‘ಮ್ಯಾನೇಜ್‌ಮೆಂಟ್’, ‘ಎಕ್ಸಾಮ್’, ‘ಎಸ್‌ಸಿ ಎಸ್‌ಟಿ ಸ್ಕ್ಯಾನ್’. ಮೊದಲನೆಯದನ್ನು ದೂಡಿದೆವು, ಅನುಮತಿ ಇಲ್ಲ. ಎರಡನೆಯದು, ಅನುಮತಿ ಇಲ್ಲ. ಮೂರನೆಯದೂ ಇಲ್ಲ. ನಾಲ್ಕನೆಯದು ಕೈ ಇಡುವ ಮುಂಚೆಯೇ ತೆರೆಯಿತು.

ಒಂದೇ ಸರ್ವರ್, ಒಂದೇ ಗೋಡೆ, ನಾಲ್ಕು ಬಾಗಿಲು. ದುಡ್ಡಿನ ಬಾಗಿಲಿಗೆ ಕೀಲಿ, ದೊಡ್ಡವರ ಬಾಗಿಲಿಗೆ ಕೀಲಿ, ಪ್ರಶ್ನೆಪತ್ರಿಕೆಯ ಬಾಗಿಲಿಗೆ ಕೀಲಿ. ಕೀಲಿ ಹಾಕಲು ಬಾರದ ಮಂದಿಯಾಗಿದ್ದರೆ ನಾಲ್ಕೂ ತೆರೆದಿರುತ್ತಿದ್ದವು. ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು.

ಒಳಗೆ ವರ್ಷವಾರು ಫೋಲ್ಡರುಗಳು. ಆರು ವರ್ಷಗಳಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಕಾಗದಗಳೆಲ್ಲ ಅಲ್ಲಿದ್ದವು: ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಕೆಲವರದು 371ಜೆ ಪ್ರಮಾಣಪತ್ರವೂ ಇತ್ತು, ಅಂದರೆ ನಮ್ಮ ಕಡೆಯಿಂದ ಹೋದವರು. ಜೊತೆಗೆ ಒಂದು ಎಕ್ಸೆಲ್ ಹಾಳೆ. ನಮ್ಮ ಕಸುಬಿನ ನೇಮ ಏನೆಂದರೆ, ತೆರೆದಿದೆ ಎಂದು ತೋರಿಸಲು ಬೇಕಾದಷ್ಟೇ ನೋಡಬೇಕು, ನಕಲು ಮಾಡಬಾರದು, ಹೆಸರುಗಳನ್ನು ಮಸಿ ಬಳಿದು ಚಿತ್ರ ತೆಗೆಯಬೇಕು. ಹಾಳೆಯನ್ನು ಒಂದು ಸಲ ತೆರೆದು ಮುಚ್ಚಿದೆವು. ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ಬಿದ್ದಿತ್ತು. ಹೆಸರು, ತಂದೆಯ ಹೆಸರು, ಊರು, ಜಾತಿ, ಉಪಜಾತಿ, ಆದಾಯ, ಮೊಬೈಲ್, ಖಾತೆ ಸಂಖ್ಯೆ. ಹೊಲೆಯ, ಮಾದಿಗ, ಸಮಗಾರ, ಲಂಬಾಣಿ, ಭೋವಿ ಎಂದು ಒಂದರ ಕೆಳಗೊಂದು. ತಂದೆಯ ಕಸುಬು ಎಂಬ ಕಾಲಮೂ ಇತ್ತು. ಕೂಲಿ, ಕೂಲಿ, ಕೂಲಿ, ಪೌರಕಾರ್ಮಿಕ, ಕೂಲಿ.

ಇದನ್ನು ಯಾರು ನೋಡಬಹುದಿತ್ತು? ಆ ಸಂಸ್ಥೆಯಲ್ಲಿ ಆಫೀಸಿನ ತಂತಿ, ಹಾಸ್ಟೆಲ್ಲಿನ ವೈಫೈ, ಕ್ಯಾಂಟೀನಿನ ವೈಫೈ ಎಲ್ಲ ಒಂದೇ ಜಾಲ. ನಡುವೆ ಗೋಡೆ ಇಲ್ಲ. ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಕೂತ ಯಾವ ಹುಡುಗನಾದರೂ ಮೊಬೈಲಿನಲ್ಲಿ ಒಂದು ಫೈಲ್ ನೋಡುವ ಆ್ಯಪ್ ಹಾಕಿಕೊಂಡು, ಎದುರಿಗೆ ಕೂತ ಹುಡುಗಿಯ ಜಾತಿ, ಅವಳ ಅಪ್ಪನ ಕೂಲಿ, ಅವಳ ಮೊಬೈಲ್ ನಂಬರು ತೆಗೆಯಬಹುದಿತ್ತು.

ಯಾಕೆ ಹೀಗಾಯಿತು ಎಂದು ಕೇಳಲು ಎರಡನೆಯ ದಿನ ಸ್ಕ್ಯಾನಿಂಗ್ ಮಾಡುವ ಕೋಣೆಗೆ ಹೋದೆವು. ಆಪರೇಟರ್ ಒಬ್ಬ ಅಕ್ಕ, ಹೊರಗುತ್ತಿಗೆಯವಳು, ವಿಜಯಪುರದ ಕಡೆಯ ಮಾತು. ನಮ್ಮನ್ನು ನೋಡಿದ ಕೂಡಲೇ ಎದ್ದು ನಿಂತಳು. “ನಾ ಏನೂ ಮಾಡಿಲ್ರೀ ಅಣ್ಣಾರ. ಜೆರಾಕ್ಸ್ ಮಷಿನ್ನಿಂದ ಸ್ಕ್ಯಾನ್ ಮಾಡಿದ್ದು ಕಂಪ್ಯೂಟರಿಗೆ ಹೋಗಲಾರದಂಗ ಆಗಿತ್ತು. ಮಷಿನ್ ಕಂಪನಿಯವ ಬಂದು ಏನೋ ಒತ್ತಿದ, ಆವತ್ತಿಂದ ಹೊಂಟದ.” ಅವನು ಒತ್ತಿದ್ದು ‘ಎವ್ರಿಒನ್’. ಮಷಿನ್ನಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಮಾಡಿಕೊಟ್ಟಿದ್ದರೆ ಸಾಕಿತ್ತು. ಅದಕ್ಕೆ ಸರ್ವರ್ ನೋಡಿಕೊಳ್ಳುವವರನ್ನು ಕೇಳಬೇಕು, ಅವರು ಮೇಲಿನವರನ್ನು ಕೇಳಬೇಕು. ಲೆಕ್ಕದ ವಿಭಾಗದ ಮಷಿನ್ನಿಗೆ ಕೇಳಿದ್ದರು, ಆಗಿತ್ತು. ಇದಕ್ಕೆ ಯಾರೂ ಕೇಳಲಿಲ್ಲ.

ಅಕ್ಕ ಹೆದರಿದ್ದು ಸುಮ್ಮನೆ ಅಲ್ಲ. ಇಂಥ ವರದಿಗಳು ಮೇಲೆ ಹೋದಾಗ ಕೆಳಗೆ ಯಾರನ್ನಾದರೂ ಹುಡುಕುತ್ತಾರೆ. ಸಿಗುವುದು ತಿಂಗಳ ಪಗಾರ ತಡವಾದರೂ ಬಾಯಿ ಬಿಡದ ಇಂಥವರೇ. ವರದಿಯಲ್ಲಿ ಕಾರಣ ಎಂಬ ಜಾಗದಲ್ಲಿ ನಾವು ಅಕ್ಷರ ತೂಗಿ ಬರೆದೆವು: ಅನುಮತಿ ಬದಲಾಯಿಸುವ ಅಧಿಕಾರ ಆಪರೇಟರಿಗೆ ಇರಲಿಲ್ಲ, ಬದಲಾಯಿಸಿದ್ದು ಯಂತ್ರ ಮಾರಿದವರು, ಪರಿಶೀಲಿಸಬೇಕಾದದ್ದು ಆಡಳಿತ.

ನಮ್ಮಂಥವರ ಪಟ್ಟಿಗಳೇ ಬಯಲಿಗೆ ಬೀಳುವುದು ಆ ಒಂದು ಸಂಸ್ಥೆಯ ಸಂಗತಿಯಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು 2017ರ ಮೇ ಮೊದಲಲ್ಲಿ ಒಂದು ವರದಿ ತಂದರು. ನಾಲ್ಕು ಸರ್ಕಾರಿ ತಾಣಗಳಲ್ಲಿ 13 ಕೋಟಿಯಷ್ಟು ಆಧಾರ್ ಸಂಖ್ಯೆಗಳು ಹೊರಗೆ ಕಾಣುತ್ತಿರಬಹುದು ಎಂದು ಅವರ ಅಂದಾಜು. ಯಾವ ತಾಣಗಳು ಗೊತ್ತೆ? ಒಂದು ಮುದುಕರ, ವಿಧವೆಯರ ಪಿಂಚಣಿಯದು. ಎರಡು ಉದ್ಯೋಗ ಖಾತ್ರಿಯ ಕೂಲಿಯವು. ಇನ್ನೊಂದು ಆಂಧ್ರದ ಕೂಲಿಕಾರರ ವಿಮೆಯದು. ಆದಾಯ ತೆರಿಗೆ ಕಟ್ಟುವವರ ಪಟ್ಟಿ ಅದರಲ್ಲಿ ಇರಲಿಲ್ಲ. ಬಡವನಿಗೆ ಒಂದು ಹಿಡಿ ಅಕ್ಕಿ ಕೊಡುವಾಗಲೂ ಕೊಟ್ಟೆವು ಎಂದು ಲೋಕಕ್ಕೆ ತೋರಿಸಬೇಕು, ಆ ತೋರಿಕೆಗೆ ಪಾರದರ್ಶಕತೆ ಎಂದು ಹೆಸರು. ಕೊಟ್ಟ ಲೆಕ್ಕ ತೋರಿಸಲಿ, ಬೇಡ ಅನ್ನುವುದಿಲ್ಲ. ಇಸಕೊಂಡವನ ಅಂಗಿ ಯಾಕೆ ಬಿಚ್ಚುತ್ತೀರಿ?

ಒಂದಾನೊಂದು ಕಾಲಕ್ಕೆ ಊರಿನ ದಫ್ತರ ಕುಲಕರ್ಣಿಯ ಮನೆಯಲ್ಲಿ ಗಂಟು ಕಟ್ಟಿ ಇರುತ್ತಿತ್ತು. ಹೈದರಾಬಾದ್ ನಿಜಾಮನ ಕಾಲದ ಕಾಗದ ಉರ್ದುವಿನಲ್ಲಿ. 1948ರ ನಂತರ ಬರಬರುತ್ತ ಕನ್ನಡಕ್ಕೆ ಬಂತು. 2000ದ ಸುಮಾರಿಗೆ ‘ಭೂಮಿ’ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ನಮ್ಮ ಮುತ್ಯಾಗಳಿಗೆ ಉರ್ದುವೂ ಅಷ್ಟೆ, ಕನ್ನಡವೂ ಅಷ್ಟೆ. ಆ ಗಂಟಿನಲ್ಲಿ ತಮ್ಮ ಬಗ್ಗೆ ಏನು ಬರೆದಿದೆ ಎಂದು ಅವರಿಗೆ ಸಾಯುವತನಕ ಗೊತ್ತಾಗಲಿಲ್ಲ. ನಮಗೆ ಓದಲು ಬರುವ ಹೊತ್ತಿಗೆ ಗಂಟು ಬಿಚ್ಚಿ ಬೀದಿಯಲ್ಲಿ ಹರವಿದ್ದಾರೆ.

ವರದಿ ಬರೆದು ನಮ್ಮ ಮೇಲಿನವರಿಗೆ ಕೊಟ್ಟಾಗ ಜಗಳ ಹತ್ತಿತು. ಅವರು ಕೆಟ್ಟವರಲ್ಲ, ಕಸುಬು ಬಲ್ಲವರು. ಆದರೆ ಅವರ ಮುಂದೆ ಒಂದು ಅಚ್ಚಾದ ನಮೂನೆ ಇತ್ತು. ಸೋರಿದ ಮಾಹಿತಿ ಯಾವ ಬಗೆಯದು ಎಂದು ಗುರುತು ಹಾಕಬೇಕು: ಪಾಸ್‌ವರ್ಡ್, ಹಣಕಾಸು, ಆರೋಗ್ಯ, ಬೆರಳಚ್ಚು, ಇತ್ಯಾದಿ. ಜಾತಿ ಎಂಬ ಖಾನೆ ಅದರಲ್ಲಿ ಇಲ್ಲ. “ಖಾತೆ ನಂಬರ್, ಆಧಾರ್ ಎರಡನ್ನು ಬರೀರಿ ಸಾಕು. ಜಾತಿ ವಿಷಯ ಎಲ್ಲ ಯಾಕೆ? ಕ್ಲೈಂಟ್‌ಗೆ ಮುಜುಗರ ಆಗುತ್ತೆ” ಅಂದರು. ಸಂಸ್ಥೆಯವರ ಉತ್ತರವೂ ಆ ಜಾಡಿನಲ್ಲೇ ಬಂತು: ಹಾಳೆಯಿಂದ ಆ ಎರಡು ಕಾಲಂ ತೆಗೆದುಹಾಕುತ್ತೇವೆ, ಉಳಿದದ್ದು ಇದ್ದರೆ ಏನು ತೊಂದರೆ?

ಈ ಖಾನೆ ಇಲ್ಲದೆ ಹೋದದ್ದು ಹೇಗೆ ಎಂದು ನಾವು ಕೂತು ಹುಡುಕಿದೆವು. 2011ರ ನಿಯಮಗಳು ಸೂಕ್ಷ್ಮ ಮಾಹಿತಿ ಅಂದರೆ ಯಾವುದು ಎಂದು ಪಟ್ಟಿ ಕೊಡುತ್ತವೆ. ಅದರಲ್ಲಿ ಪಾಸ್‌ವರ್ಡ್ ಇದೆ, ಬ್ಯಾಂಕ್ ಖಾತೆ ಇದೆ, ಆರೋಗ್ಯ ಇದೆ, ಲೈಂಗಿಕತೆ ಇದೆ, ಬೆರಳಚ್ಚಿನಂಥ ಗುರುತುಗಳಿವೆ. ಜಾತಿ ಇಲ್ಲ. 2019ರಲ್ಲಿ ಲೋಕಸಭೆಯ ಮುಂದೆ ಬಂದ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ‘ಜಾತಿ ಅಥವಾ ಬುಡಕಟ್ಟು’ ಎಂಬ ಮಾತು ಸೂಕ್ಷ್ಮ ಮಾಹಿತಿಯ ಸಾಲಿನಲ್ಲಿ ಸ್ಪಷ್ಟವಾಗಿತ್ತು. ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಂಡರು. 2023ರ ಆಗಸ್ಟಿನಲ್ಲಿ ಕಾಯ್ದೆ ಆದಾಗ ಸೂಕ್ಷ್ಮ ಎಂಬ ಸಾಲನ್ನೇ ಅಳಿಸಿದ್ದರು. ಎಲ್ಲ ಮಾಹಿತಿಯೂ ಒಂದೇ ತೂಕ. ಸಮಾನತೆ ಅಂದರೆ ಇದೇ ಇರಬೇಕು. ಬೆಂಗಳೂರಿನ ಒಬ್ಬ ಸಾಹೇಬರ ಇಮೇಲ್ ವಿಳಾಸಕ್ಕೂ ಜೇವರ್ಗಿಯ ಒಬ್ಬ ಹುಡುಗಿಯ ಜಾತಿ ಪ್ರಮಾಣಪತ್ರಕ್ಕೂ ಈಗ ಒಂದೇ ತಕ್ಕಡಿ.

ಮೇಲಿನವರಿಗೆ ನಾವು ಹೇಳಿದ್ದು ಇಷ್ಟೇ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು ಸರ್. ಎಟಿಎಂ ಕಾರ್ಡ್ ಸೋರಿದರೆ ಒಂದು ಫೋನ್ ಮಾಡಿ ನಿಲ್ಲಿಸಬಹುದು. ಜಾತಿ ಸೋರಿದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಅವರು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, “ನೀವು ಯಾವ ಜನ?” ಎಂದು ಕೇಳಿದರು. ಮೂರು ವರ್ಷ ಜೊತೆಗೆ ಕೆಲಸ ಮಾಡಿದ ಮೇಲೆ ಮೊದಲ ಸಲ. ಹೇಳಿದೆವು.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಜಾತಿ ಮುಚ್ಚಿಡಬೇಕಾದ ಹೊಲಸು ಎಂದು ನಾವು ಹೇಳುತ್ತಿಲ್ಲ. ಈ ಪತ್ರಿಕೆಯಲ್ಲಿ ನಾವು ಯಾರೆಂದು ಎದೆ ಎತ್ತಿಯೇ ಬರೆದಿದ್ದೇವೆ. ಆದರೆ ಹೇಳುವ ಹೊತ್ತು, ಹೇಳುವ ಜಾಗ ನಮ್ಮ ಕೈಯಲ್ಲಿರಬೇಕು. ಬೆಂಗಳೂರಿನಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದಾಗ “ವೆಜ್ಜಾ, ನಾನ್‌ವೆಜ್ಜಾ?” ಎಂದು ಕೇಳುತ್ತಾರಲ್ಲ, ಅದು ಊಟದ ಪ್ರಶ್ನೆ ಅಲ್ಲ ಎಂದು ಕೇಳುವವರಿಗೂ ಗೊತ್ತು, ನಮಗೂ ಗೊತ್ತು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಗಣತಿಯವರು ಬಂದಾಗ ನಾವು ಅವರನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಪಕ್ಕದ ಮನೆಗೆ ಕೇಳದ ದನಿಯಲ್ಲಿ ಉಪಜಾತಿ ಬರೆಸಿದೆವು. ಬರೆಸಲೇಬೇಕಿತ್ತು, ಅದು ನಮ್ಮ ಹಕ್ಕಿನ ಲೆಕ್ಕ. ದನಿ ತಗ್ಗಿಸಿದ್ದೂ ಬೇಕಿತ್ತು. ಆ ಫೋಲ್ಡರಿನಲ್ಲಿ ಇದ್ದ ಮಕ್ಕಳಿಗೆ ದನಿ ತಗ್ಗಿಸುವ ಅವಕಾಶವನ್ನೂ ಯಾರೂ ಕೊಟ್ಟಿರಲಿಲ್ಲ.

ವರದಿಯಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಮೇಲಿನವರು ಅವಸರದಲ್ಲಿ ದಾಟಿದ್ದರು. ಆ ಶೇರಿನಲ್ಲಿ ಎಲ್ಲರಿಗೂ ಓದುವ ಅನುಮತಿ ಮಾತ್ರ ಇರಲಿಲ್ಲ, ಬರೆಯುವುದೂ ಅಳಿಸುವುದೂ ಇತ್ತು. ಒಂದು ಖಾಲಿ ಕಡತ ಇಟ್ಟು, ಅದನ್ನೇ ತೆಗೆದು ನೋಡಿ ಖಾತ್ರಿ ಮಾಡಿಕೊಂಡಿದ್ದೆವು. ಅಂದರೆ ಯಾರು ಬೇಕಾದರೂ ಒಂದು ಖಾತೆ ಸಂಖ್ಯೆಯ ಕಡೆಯ ಅಂಕಿ ಬದಲಾಯಿಸಬಹುದಿತ್ತು. ಒಂದು ಹೆಸರನ್ನು ತೆಗೆದುಹಾಕಬಹುದಿತ್ತು. ವಿದ್ಯಾರ್ಥಿವೇತನ ಬಾರದ ಹುಡುಗ ಆರು ತಿಂಗಳು ಕಚೇರಿಗೆ ಅಲೆದು, “ನಿನ್ನ ಹೆಸರೇ ಇಲ್ಲಲ್ಲೋ” ಎಂಬ ಮಾತು ಕೇಳಿ ಹೊಳ್ಳಿ ಬರುತ್ತಿದ್ದ. “ಯಾರು ಯಾಕೆ ಅಳಿಸ್ತಾರೆ ಹೇಳಿ? ಅಷ್ಟು ಪುರುಸೊತ್ತು ಯಾರಿಗಿದೆ?” ಅಂದರು ಮೇಲಿನವರು.

ಅದಾದ ಎರಡೇ ವಾರಕ್ಕೆ, 2025ರ ಸೆಪ್ಟೆಂಬರಿನಲ್ಲಿ, ಆಳಂದದ ಹೆಸರು ದೇಶದ ಎಲ್ಲ ಟಿವಿಗಳಲ್ಲಿ ಬಂತು. ಮೇಲಿನವರೇ ಬಂದು ಕೇಳಿದರು: “ಇದು ನಿಮ್ಮ ಊರೇ ಅಲ್ವಾ?”

ನಮ್ಮ ಊರೇ. ಟಿವಿಗೆ ಅದು ಹೊಸದಾಗಿತ್ತು, ನಮಗೆ ಎರಡೂವರೆ ವರ್ಷದ ಹಳೆಯ ಸುದ್ದಿ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಕೋರುವ ಫಾರಂ 7, ಆಳಂದ ಕ್ಷೇತ್ರವೊಂದರಲ್ಲೇ 6,018 ಬಂದಿದ್ದವು, ಎಲ್ಲ ಆನ್‌ಲೈನಿನಲ್ಲಿ. ಪರಿಶೀಲಿಸಿದಾಗ ಸರಿಯಾಗಿದ್ದವು 24. ಉಳಿದ 5,994 ಸುಳ್ಳು. 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಅರ್ಜಿ ಯಾರ ಹೆಸರಿನಿಂದ ಹೋಗಿತ್ತೋ ಅವರಿಗೆ ಗೊತ್ತಿಲ್ಲ. ಯಾರ ಹೆಸರು ತೆಗೆಯಲು ಹೋಗಿತ್ತೋ ಅವರಿಗೂ ಗೊತ್ತಿಲ್ಲ.

ಇದು ಫೋಲ್ಡರಿನ ಸಂಗತಿಯಲ್ಲ, ಆದರೆ ಒಂದೇ ಬೇರಿನ ರೋಗ. ಎನ್‌ಎಫ್‌ಎಸ್ ಬಗ್ಗೆ ಹೇಳಿದ್ದೆವಲ್ಲ, ನಂಬರು ಹೇಳಿದರೆ ನಂಬುವುದು? ಆಗಿನ ವ್ಯವಸ್ಥೆಯಲ್ಲಿ ಒಬ್ಬ ಮತದಾರನ ಗುರುತಿನ ಚೀಟಿಯ ನಂಬರಿಗೆ ಯಾವುದೋ ಮೊಬೈಲ್ ಜೋಡಿಸಿದರೆ ಅವನ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಆ ಮೊಬೈಲ್ ಅವನದೇ ಹೌದೋ ಅಲ್ಲವೋ ಎಂದು ಬಾಗಿಲಲ್ಲಿ ಯಾರೂ ಕೇಳುತ್ತಿರಲಿಲ್ಲ. ಆಧಾರ್ ಜೋಡಿಸಿದ ಮೊಬೈಲಿಗೆ ಸಂಕೇತ ಬಂದು ಖಾತ್ರಿಯಾಗುವ ಇ-ಸಹಿಯನ್ನು ಆಯೋಗ ತಂದದ್ದು 2025ರ ಸೆಪ್ಟೆಂಬರಿನಲ್ಲಿ, ಗದ್ದಲ ಎದ್ದ ಮೇಲೆ. ಒಂದೊಂದು ಅರ್ಜಿಗೆ 80 ರೂಪಾಯಿ ಕೊಟ್ಟು ಮಾಡಿಸಿದ್ದರು ಎಂದು ಅಕ್ಟೋಬರಿನಲ್ಲಿ ರಾಜ್ಯದ ವಿಶೇಷ ತನಿಖಾ ತಂಡದ ಕಡೆಯಿಂದ ಪತ್ರಿಕೆಗಳಲ್ಲಿ ಬಂತು. ಮಾಡಿಸಿದವರು ಯಾರು ಎಂಬುದು ನ್ಯಾಯಾಲಯ ತೀರ್ಮಾನಿಸಬೇಕಾದ ಮಾತು. ನಮಗೆ ಆ 80ರ ಮೇಲೆಯೇ ಕಣ್ಣು ನಿಂತಿತು. ನಮ್ಮ ಅವ್ವ ತೊಗರಿ ಹೊಲದಲ್ಲಿ ಒಂದು ದಿನ ಕಳೆ ತೆಗೆದರೂ ಅದಕ್ಕಿಂತ ಹೆಚ್ಚು ಬರುತ್ತದೆ. ಒಬ್ಬ ಮನುಷ್ಯನ ಹೆಸರು ಕೀಳುವುದು ಒಂದು ಕಳೆಯ ಸಾಲಿಗಿಂತ ಅಗ್ಗ.

ಅರ್ಜಿ ಹಾಕಿದ ಮಾತ್ರಕ್ಕೆ ಹೆಸರು ಹೋಗುವುದಿಲ್ಲ, ಸ್ಥಳಕ್ಕೆ ಹೋಗಿ ವಿಚಾರಿಸಬೇಕು ಎಂದು ಆಯೋಗ ಹೇಳಿತು. ಅದು ಸರಿ. ಆ ವಿಚಾರಣೆಯೇ ಹೆಸರುಗಳನ್ನು ಉಳಿಸಿದ್ದು. ಇದನ್ನು ಮೊದಲು ಹಿಡಿದದ್ದು ಕಂಪ್ಯೂಟರ್ ಅಲ್ಲ, ನಮ್ಮಂಥ ಪರೀಕ್ಷಕರೂ ಅಲ್ಲ. ಒಬ್ಬ ಮತಗಟ್ಟೆ ಅಧಿಕಾರಿ, ಹೆಣ್ಣುಮಗಳು. ತೆಗೆಯಬೇಕಾದ ಪಟ್ಟಿಯಲ್ಲಿ ತನ್ನ ಬಳಗದವರದೇ ಹೆಸರು ಕಂಡಿತು. ಅವರನ್ನು ಕೇಳಿದಳು, ಅರ್ಜಿ ಹಾಕಿದಾತ ಎಂದು ಕಾಣುತ್ತಿದ್ದ ಊರಿನವನನ್ನೂ ಕೇಳಿದಳು. ಇಬ್ಬರೂ ಇಲ್ಲ ಅಂದರು. ನಾವು ಇಷ್ಟು ಸಲಕರಣೆ ಇಟ್ಟುಕೊಂಡು ಮಾಡುವ ಕೆಲಸವನ್ನು ಆಕೆ ಎರಡು ಮನೆಗೆ ನಡೆದು ಹೋಗಿ ಮಾಡಿದಳು. ನಮ್ಮ ಮೂರು ತಾಲೂಕಿನ ಮಂದಿ ಅರ್ಧ ವರ್ಷ ಪುಣೆ, ಮುಂಬೈ, ಸೊಲ್ಲಾಪುರದಲ್ಲಿ ಇರುತ್ತಾರೆ. ಬೀಗ ಬಿದ್ದ ಮನೆಯ ಮುಂದೆ ನಿಂತು ಕೇಳಿದರೆ ಇಲ್ಲ ಅನ್ನುವವರು ಯಾರು? ಆ ಸಲ ಹಬ್ಬಕ್ಕೆ ಊರಿಗೆ ಹೋದಾಗ ಚಾದಂಗಡಿಯಲ್ಲಿ ಒಬ್ಬ ಮುತ್ಯಾ ನಮ್ಮ ಕೈಗೆ ತನ್ನ ಚೀಟಿ ಕೊಟ್ಟ. “ನೀವು ಕಂಪ್ಯೂಟರ್ ಕಲ್ತೀರಿ. ನಾ ಅದರಾಗ ಅದೀನೇನು ನೋಡ್ರಪ್ಪಾ” ಅಂದ. ಮೊಬೈಲಿನಲ್ಲಿ ನೋಡಿ, ಇದ್ದೀರಿ ಎಂದು ಹೇಳಿದೆವು. ಆಮೇಲೆ ಸಂಜೆಯತನಕ ಚೀಟಿ ಹಿಡಿದು ಮಂದಿ ಬರುತ್ತಲೇ ಇದ್ದರು.

ಬೆಂಗಳೂರಿಗೆ ಬಂದ ಮೇಲೆ ಮೇಲಿನವರು ವರದಿಯನ್ನು ನಾವು ಬರೆದಂತೆಯೇ ಕಳಿಸಿದರು. ಗಂಭೀರ ಎಂಬ ಗುರುತು, ಅಳಿಸುವ ಅನುಮತಿಯ ಸಾಲಿಗೆ ಬೇರೆ ಪುಟ, ಜಾತಿ ಮಾಹಿತಿ ಎಂದು ಕೈಯಿಂದ ಸೇರಿಸಿದ ಒಂದು ಖಾನೆ. ಆರು ವಾರಕ್ಕೆ ಮರುಪರೀಕ್ಷೆಗೆ ಹೋದೆವು. ‘ಎಸ್‌ಸಿ ಎಸ್‌ಟಿ ಸ್ಕ್ಯಾನ್’ ಮುಚ್ಚಿತ್ತು. ಅದೇ ಕೋಣೆಯ ಇನ್ನೊಂದು ಕಂಪ್ಯೂಟರಿನಲ್ಲಿ ‘ನ್ಯೂ ಫೋಲ್ಡರ್’ ಎಂಬ ಶೇರ್ ತೆರೆದಿತ್ತು. ಒಳಗೆ ಅದೇ ಕಾಗದಗಳು, ಅದೇ ‘ಎವ್ರಿಒನ್’. ಸರ್ವರಿನ ಬಾಗಿಲು ಮುಚ್ಚಿದವರು ಮಷಿನ್ ಎಲ್ಲಿಗೆ ಕಳಿಸಬೇಕು ಎಂದು ಅಕ್ಕನಿಗೆ ಹೇಳಿರಲಿಲ್ಲ. ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಆಕೆ ಮತ್ತೆ ಮಷಿನ್ ಕಂಪನಿಯವನಿಗೆ ಫೋನ್ ಮಾಡಿದ್ದಳು, ಅವನು ಮತ್ತೆ ಬಂದು ಒತ್ತಿ ಹೋಗಿದ್ದ.

ಈ ಸಲ ವರದಿ ಬರೆದು ಬಂದುಬಿಡಲು ಮನಸ್ಸು ಒಪ್ಪಲಿಲ್ಲ. ಸರ್ವರ್ ನೋಡಿಕೊಳ್ಳುವವರನ್ನು ಆ ಕೋಣೆಗೇ ಕರೆತಂದು ಕೂರಿಸಿದೆವು. ಮಷಿನ್ನಿಗೆ ಒಂದು ಹೆಸರು, ಅದಕ್ಕೊಂದು ಪಾಸ್‌ವರ್ಡ್, ಒಂದು ಫೋಲ್ಡರಿಗೆ ಕಡತ ಹಾಕುವ ಅನುಮತಿ ಮಾತ್ರ. ಮಷಿನ್ ಹಾಕಬಹುದು, ಹಳೆಯದನ್ನು ಓದಲಾರದು. ಕ್ಯಾಂಟೀನಿನ ವೈಫೈಗೂ ಆಫೀಸಿಗೂ ನಡುವೆ ಗೋಡೆ ಹಾಕುವುದು ಮುಂದಿನ ತಿಂಗಳ ಕೆಲಸ ಎಂದು ಬರೆಸಿಕೊಂಡೆವು. ಎಲ್ಲ ಸೇರಿ 20 ನಿಮಿಷವೂ ಆಗಲಿಲ್ಲ.

ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು. “ಈಗ ಇದರಾಗ ಯಾರ್ಯಾರ ಹೆಸರದಾವ್ರೀ?” ಅಂದಳು.

“ನಿಮ್ಮದು, ಸೂಪರಿಂಟೆಂಡೆಂಟರದು, ಮಷಿನ್ನಿಂದು. ಮೂರ.”

“ನಂದೂ ಬರದೀರೇನು?” ಎಂದು ಪರದೆಗೆ ಮುಖ ಹತ್ತಿರ ತಂದು ತನ್ನ ಹೆಸರು ಓದಿಕೊಂಡಳು. ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅದನ್ನು ತಿದ್ದಿಸಿದಳು.